ಹುಬ್ಬಳ್ಳಿ ತಾಟಿಗೆ ಬರುವ ಮೀನು, ಕಡಲಿಗೆ ಹೋಗುವ ತೊಳೆದ ನೀರು: ಲೆಕ್ಕ ಇಡುವವರು ಯಾರು?

ಉಣಕಲ್ ದಂಡೆ

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಮೀನು ತಿನ್ನುವವರಿದ್ದೀರಿ, ಮಾರುವವರಿದ್ದೀರಿ, ಕಾರ್ಖಾನೆಯಲ್ಲಿ ದುಡಿಯುವವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹುಬ್ಬಳ್ಳಿಗೆ ಬರುವ ಬಂಗಡೆ, ತಾರ್ಲೆ ಹೆಚ್ಚಾಗಿ ಕಾರವಾರ, ಅಂಕೋಲಾ, ಗೋವಾ ಕಡೆಯದು. ಐಸ್ ತುಂಬಿದ ಡಬ್ಬಿಗಳಲ್ಲಿ ಅರಬೈಲ್ ಘಟ್ಟ ಹತ್ತಿ ಬರುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಅಷ್ಟೇ. ಆದರೆ ಕರಾವಳಿಯಲ್ಲೇ ಕಾರ್ಖಾನೆ ಸೇರುವ ಮೀನೂ ಇದೆ. ಸಿಗಡಿಯ ತಲೆ ಕಿತ್ತು, ಸಿಪ್ಪೆ ಸುಲಿದು ಫ್ರೀಜ್ ಮಾಡುತ್ತಾರೆ. ಬೊಂಡಾಸ್ (ಸ್ಕ್ವಿಡ್) ಹಸನು ಮಾಡಿ ವಿದೇಶಕ್ಕೆ ಕಳಿಸುತ್ತಾರೆ. ಮೀನಿನ ಮಾಂಸವನ್ನು ಮತ್ತೆ ಮತ್ತೆ ತೊಳೆದು ಸುರಿಮಿ ಮಾಡುತ್ತಾರೆ. ತಾರ್ಲೆಯನ್ನು ಬೇಯಿಸಿ, ಹಿಂಡಿ, ಒಣಗಿಸಿ ಮೀನಿನ ಹುಡಿ ಮತ್ತು ಎಣ್ಣೆ ತೆಗೆಯುತ್ತಾರೆ. ಇದಕ್ಕೆಲ್ಲ ನೀರು ಬೇಕು. ಆ ನೀರು ಎಲ್ಲಿಗೋ ಹೋಗಲೇಬೇಕು ಅಲ್ವಾ?

ಇದಕ್ಕೆ ನಿಯಮ ಏನಿದೆ? ಇದ್ದರೆ, ಅದನ್ನು ಪಾಲಿಸುತ್ತಿದ್ದಾರೋ ಇಲ್ಲವೋ ಅಂತ ನಮ್ಮಂಥವರು ತಿಳಿಯುವುದು ಹೇಗೆ? ಗೊತ್ತಿದ್ದವರು ಬರೆಯಿರಿ.

ಐಸ್ ಡಬ್ಬಿ

ಘಟ್ಟದ ಮೇಲೆ ಕೂತು ಕಡಲಿನ ಚಿಂತೆ ಯಾಕ್ರೀ ಸರ್? ಮೀನಿನ ರಕ್ತ ಮೀನಿಗೇ ಆಹಾರ. ಕಡಲು ಅಷ್ಟು ದೊಡ್ಡದಿದೆ. ಅಲ್ಲಿ ಖರ್ಚು ಏರಿದರೆ ಇಲ್ಲಿ ರೇಟು ಏರುತ್ತದೆ, ಆಮೇಲೆ ಬೈಸಿಕೊಳ್ಳುವವರು ನಾವು. ಹತ್ತು ವರ್ಷದಿಂದ ಈ ವ್ಯಾಪಾರದಲ್ಲಿದ್ದೇನೆ, ಅನುಭವದ ಮಾತು ಹೇಳುತ್ತಿದ್ದೇನೆ.

ತಾರಿಹಾಳ ಶಿಫ್ಟ್

ನಾನು ಈಗ ತಾರಿಹಾಳದಲ್ಲಿ ಬೇರೆ ಕೆಲಸದಲ್ಲಿದ್ದೇನೆ. ಅದಕ್ಕೂ ಮೊದಲು ಕರಾವಳಿಯ ಒಂದು ಫ್ರೀಜಿಂಗ್ ಘಟಕದಲ್ಲಿ ಇಟಿಪಿ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕದ ಆಪರೇಟರ್ ಆಗಿದ್ದೆ. ಘಟಕದ ಹೆಸರು ಬೇಡ.

ಐಸ್ ಡಬ್ಬಿ ಅಣ್ಣಾ, ಮೀನಿನ ರಕ್ತ ವಿಷ ಅಲ್ಲ, ಒಪ್ಪಿದೆ. ಆದರೆ ರಕ್ತ, ಲೋಳೆ, ಕೊಬ್ಬು, ಮಾಂಸದ ಚೂರು ನೀರಿಗೆ ಬಿದ್ದ ಕೂಡಲೇ ಬ್ಯಾಕ್ಟೀರಿಯಾ ಅದನ್ನು ತಿನ್ನಲು ಶುರು ಮಾಡುತ್ತವೆ. ತಿನ್ನುವಾಗ ನೀರಿನಲ್ಲಿರುವ ಆಮ್ಲಜನಕ ಖರ್ಚಾಗುತ್ತದೆ. ಎಷ್ಟು ಖರ್ಚಾಗುತ್ತದೆ ಅನ್ನುವ ಅಳತೆಯೇ ಬಿಓಡಿ. ನಮ್ಮ ದೇಶದಲ್ಲಿ ಸ್ಯಾಂಪಲ್ಲನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯುತ್ತಾರೆ. ಅಲೆ ಬಡಿಯುವ ತೆರೆದ ಕಡಲಿನಲ್ಲಿ ಹೊಸ ಆಮ್ಲಜನಕ ಬೇಗ ಸೇರುತ್ತದೆ. ನಿಂತ ನೀರಿನಲ್ಲಿ ಸೇರುವುದಿಲ್ಲ. ಅಲ್ಲಿ ಮೀನು ಉಸಿರುಗಟ್ಟಿ ಸಾಯುತ್ತದೆ, ಆಮೇಲೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಇಟಿಪಿ ಹೇಗೆ ನಡೆಯುತ್ತದೆ ಅಂತ ಚುಟುಕಾಗಿ ಹೇಳುತ್ತೇನೆ. ಮೊದಲು ಜಾಲರಿ, ಅಲ್ಲಿ ಪರೆ, ಸಿಪ್ಪೆ, ಕರುಳು ನಿಲ್ಲಬೇಕು. ಆಮೇಲೆ ಜಿಡ್ಡು ತೇಲಿಸಿ ತೆಗೆಯುವ ತೊಟ್ಟಿ. ಆಮೇಲೆ ದಿನದ ನೀರನ್ನೆಲ್ಲ ಬೆರೆಸಿ ಸಮ ಮಾಡುವ ದೊಡ್ಡ ಟ್ಯಾಂಕು. ಕೊನೆಗೆ ಗಾಳಿ ಊದಿ ಬ್ಯಾಕ್ಟೀರಿಯಾದಿಂದ ಕೊಳೆ ತಿನ್ನಿಸುವ ಏರೇಷನ್ ಟ್ಯಾಂಕು, ಕೆಸರು ಕೂರುವ ಟ್ಯಾಂಕು. ಮಾಲೀಕರು ಇದನ್ನು ಯಂತ್ರ ಅಂದುಕೊಳ್ಳುತ್ತಾರೆ, ಸ್ವಿಚ್ ಹಾಕಿದರೆ ಸಾಕು ಅಂತ. ಅದು ಮನೆಯಲ್ಲಿ ಕಟ್ಟಿದ ದನ ಇದ್ದ ಹಾಗೆ. ಹೊತ್ತಿಗೆ ಸರಿಯಾಗಿ ಮೇವು ಬೇಕು, ಒಮ್ಮೆಲೇ ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬುತ್ತದೆ.

ಬೆಳಿಗ್ಗೆ ನನ್ನ ಮೊದಲ ಕೆಲಸ ಏನು ಗೊತ್ತಾ? ಏರೇಷನ್ ಟ್ಯಾಂಕಿನಿಂದ 1 ಲೀಟರ್ ನೀರು ತೆಗೆದು ಗೆರೆ ಹಾಕಿದ ಸಿಲಿಂಡರಿಗೆ ತುಂಬುವುದು. ಅರ್ಧ ಗಂಟೆ ಅದನ್ನು ಯಾರೂ ಮುಟ್ಟಬಾರದು. ಕಂದು ಕೆಸರು ಮೆಲ್ಲಗೆ ಕೆಳಗೆ ಕೂರುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಕೆಸರಿನ ಗೆರೆ 300 ಎಂಎಲ್ ಆಸುಪಾಸು ನಿಂತರೆ ನನಗೆ ನೆಮ್ಮದಿ. ಕೆಸರು ಕೂರದೆ ತೇಲುತ್ತಿದ್ದರೆ, ಮೇಲಿನ ನೀರು ಕದಡಿದ್ದರೆ, ರಾತ್ರಿ ಪಾಳಿಯವರು ನೆಲ ತೊಳೆದ ಕ್ಲೋರಿನ್ ನೀರನ್ನೋ ಉಪ್ಪುನೀರನ್ನೋ ಒಮ್ಮೆಲೇ ಬಿಟ್ಟಿದ್ದಾರೆ ಅಂತಲೇ ಲೆಕ್ಕ. ಬ್ಯಾಕ್ಟೀರಿಯಾ ಸತ್ತರೆ ಮತ್ತೆ ಬೆಳೆಸಲು ವಾರಗಟ್ಟಲೆ ಬೇಕು. ಮೀನು ಮಾತ್ರ ದಿನಾ ಬರುತ್ತಲೇ ಇರುತ್ತದೆ.

ಇನ್ನು ಆಗಸ್ಟ್ ಬಂದರೆ ಮುಗಿಯಿತು. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಮೀನಿಲ್ಲ, ಕೊಳೆ ನೀರಿಲ್ಲ, ಟ್ಯಾಂಕಿನಲ್ಲಿರುವ ಬ್ಯಾಕ್ಟೀರಿಯಾಗೆ ತಿನ್ನಲು ಏನೂ ಇಲ್ಲ. ಆಗಸ್ಟಿನಲ್ಲಿ ದೋಣಿ ಇಳಿದ ಮೇಲೆ ಮಾಲು ಒಮ್ಮೆಲೇ ಬರುತ್ತದೆ, ಇಟಿಪಿ ತಯಾರಿರುವುದಿಲ್ಲ. ಸಗಣಿ ಕದಡಿ ಸುರಿದು ಹೊಸದಾಗಿ ಎಬ್ಬಿಸಬೇಕು. ಜುಲೈ ನಡುವಿನಲ್ಲೇ ಆ ಕೆಲಸ ಶುರು ಮಾಡಿ ಅಂತ ಮ್ಯಾನೇಜರಿಗೆ ಹೇಳಿದರೆ, ಮಾಲಿಲ್ಲದ ತಿಂಗಳಲ್ಲಿ ಗಾಳಿ ಊದುವ ಬ್ಲೋವರಿನ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅಂತ ನನ್ನನ್ನೇ ಕೇಳುತ್ತಿದ್ದರು.

ಅಂಕೋಲೆ ಮಗಳು

ತವರು ಅಂಕೋಲಾ ಕಡೆ, ಈಗ ಧಾರವಾಡದಲ್ಲಿದ್ದೇನೆ. ಕಡಲು ದೊಡ್ಡದು ಅನ್ನುವ ಮಾತಿಗೆ ಉತ್ತರ ಹೇಳಬೇಕು ಅನಿಸಿತು.

ಅಣ್ಣಾ, ನೀರು ಆ ದೊಡ್ಡ ಕಡಲಿಗೆ ನೇರವಾಗಿ ಎಲ್ಲಿ ಹೋಗುತ್ತದೆ? ಕಡಲೊಳಗೆ ದೂರದವರೆಗೆ ಪೈಪ್ ಹಾಕಲು ದುಡ್ಡು ಬೇಕು. ಸುಲಭದ ದಾರಿ ಅಂದರೆ ಪಕ್ಕದ ಚರಂಡಿ, ಹಳ್ಳ, ಅಳಿವೆ. ಅಳಿವೆಯಲ್ಲಿ ಬೇಸಿಗೆಯ ಹೊತ್ತಿಗೆ ಹೊಳೆಯ ಹರಿವು ಸಣ್ಣದು, ಉಬ್ಬರ ಬಂದಾಗ ಬಿಟ್ಟ ನೀರೇ ವಾಪಸ್ ಒಳಗೆ ಬರುತ್ತದೆ. ಮೀನು ಮರಿಯಾಗಿ ಬೆಳೆಯುವುದು ಅಲ್ಲೇ. ಹೆಂಗಸರು ಇಳಿತದ ಹೊತ್ತಿನಲ್ಲಿ ಮೊಣಕಾಲು ನೀರಿನಲ್ಲಿ ಬಾಗಿ ಬಳಚು ಹೆಕ್ಕುವುದೂ ಅಲ್ಲೇ. ಬಳಚು ಒಂದೇ ಕಡೆ ಕೂತು ನೀರು ಸೋಸಿ ತಿನ್ನುವ ಚಿಪ್ಪಿನ ಜೀವಿ. ನೀರು ಕೆಟ್ಟರೆ ಮೀನಾದರೂ ಓಡುತ್ತದೆ, ಅದು ಎಲ್ಲಿಗೆ ಓಡಬೇಕು?

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಹುಬ್ಬಳ್ಳಿ ಕಡೆಯ ನಾಲಾ ನೀರು ಬೇಡ್ತಿ ಸೇರುತ್ತದೆ. ನಮ್ಮ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಕೂಡ ಕಲಘಟಗಿ ಕಡೆ ಹೋಗಿ ಅದನ್ನೇ ಕೂಡುತ್ತದೆ. ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅಂತ ಹೆಸರಾಗಿ ಗೋಕರ್ಣದ ಹತ್ತಿರ ಕಡಲು ಸೇರುತ್ತದೆ. ಅದು ನಮ್ಮೂರಿನ ಅಳಿವೆ. ಹಾಗಾಗಿ ಘಟ್ಟದ ಮೇಲಿನವರಿಗೂ ಇದು ಬಿಟ್ಟದ್ದಲ್ಲ.

ಉಣಕಲ್ ದಂಡೆ

ಅಕ್ಕಾರ, ಕೋಪ ಎಲ್ಲಿಂದ ಬರಬೇಕು, ನಮ್ಮ ನಾಲಾ ವಾಸನೆ ನಮಗೇ ಗೊತ್ತು. ಅದಕ್ಕೆ ಬೇರೆಯೇ ಚರ್ಚೆ ತೆಗೆಯೋಣ. ಕಾನೂನು ಗೊತ್ತಿದ್ದವರು ಯಾರಾದರೂ ಇದ್ದೀರಾ?

ಹೈಕೋರ್ಟ್ ಪೀಠದ ಪಕ್ಕ

ಧಾರವಾಡ ಪೀಠದಲ್ಲಿ ವಕೀಲಿ ಮಾಡುತ್ತೇನೆ. ಕಾನೂನಿಗೆ ಬರವಿಲ್ಲ.

1974ರ ಜಲ ಕಾಯ್ದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಅಂದರೆ ಕನ್ಸೆಂಟ್ ಇಲ್ಲದೆ ಕೊಳೆ ನೀರು ಬಿಡುವಂತಿಲ್ಲ. ಅದು 25ನೇ ಕಲಂ. 33ಎ ಕಲಂ ಪ್ರಕಾರ ಮಂಡಳಿ ಘಟಕ ಮುಚ್ಚಿಸಬಹುದು, ಕರೆಂಟು, ನೀರು ಕಡಿತ ಮಾಡಿಸಬಹುದು. ಮಿತಿ ಎಷ್ಟು ಅನ್ನುವುದು 1986ರ ಪರಿಸರ ಸಂರಕ್ಷಣಾ ನಿಯಮಗಳ ಮೊದಲ ಅನುಸೂಚಿಯಲ್ಲಿದೆ. ಸಮುದ್ರ ಆಹಾರ ಉದ್ಯಮಕ್ಕೆ ಬಿಓಡಿ ಲೀಟರಿಗೆ 30 ಮಿಲಿಗ್ರಾಂ, ತೇಲುವ ಕಣ 50, ಎಣ್ಣೆ ಜಿಡ್ಡು 10. ಪ್ರತ್ಯೇಕ ಮಿತಿ ಇಲ್ಲದ ಉದ್ಯಮಗಳಿಗೆ ಇರುವ ಸಾಮಾನ್ಯ ಪಟ್ಟಿಯಲ್ಲಿ ಬಿಓಡಿ ಹೊಳೆ, ಕೆರೆಗೆ 30, ಕಡಲಿಗೆ 100, ಊರಿನ ಒಳಚರಂಡಿಗೆ 350. ಕೆಲವು ಮಾಲೀಕರು ಈ 100ರ ಅಂಕಿ ಹಿಡಿದು ವಾದ ಮಾಡುತ್ತಾರೆ. ತಮ್ಮ ಉದ್ಯಮದ ಹೆಸರಿನಲ್ಲೇ ಮಿತಿ ಇರುವಾಗ ಆ ವಾದ ನಿಲ್ಲುವುದಿಲ್ಲ.

ಇದರ ಮೇಲೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಇದೆ. 1991ರಲ್ಲಿ ಮೊದಲು ಬಂತು, ಆಮೇಲೆ 2011, 2019ರಲ್ಲಿ ಹೊಸದಾಯಿತು. ಶುದ್ಧ ಮಾಡದ ಕೈಗಾರಿಕಾ ನೀರನ್ನು ಆ ವಲಯದಲ್ಲಿ ಬಿಡುವುದೇ ನಿಷೇಧ. 2017ರ ಫೆಬ್ರವರಿ 22ರಂದು ಸುಪ್ರೀಂ ಕೋರ್ಟ್ ಕೂಡ ಹೇಳಿತು: ಇಟಿಪಿ ನಡೆಯುವ ಸ್ಥಿತಿಯಲ್ಲಿ ಇರಬೇಕು, ನೋಟಿಸ್ ಕೊಟ್ಟು 3 ತಿಂಗಳಲ್ಲಿ ಸರಿಪಡಿಸದಿದ್ದರೆ ಘಟಕ ನಿಲ್ಲಿಸಿ ಅಂತ. ಸಿಗಡಿ ಸಾಕಣೆಯ ವಿಷಯದಲ್ಲಿ ಅದಕ್ಕೂ ಎಷ್ಟೋ ಮೊದಲು, 1996ರ ಡಿಸೆಂಬರಿನಲ್ಲೇ, ದೊಡ್ಡ ತೀರ್ಪು ಬಂದಿತ್ತು. 2005ರಲ್ಲಿ ಕರಾವಳಿ ಜಲಕೃಷಿಗೆ ಪ್ರತ್ಯೇಕ ಕಾಯ್ದೆಯೂ ಆಯಿತು.

ಒಂದು ಬದಲಾವಣೆ ಗಮನಿಸಿ. ಜಲ ಕಾಯ್ದೆಯಲ್ಲಿ ಮೊದಲು ಮಂಡಳಿಯ ಮಿತಿ ಮೀರಿದ ಕೊಳೆಯನ್ನು ನೀರಿಗೆ ಬಿಟ್ಟರೆ ಕನಿಷ್ಠ ಒಂದೂವರೆ ವರ್ಷ ಜೈಲು ಇತ್ತು. 2024ರ ತಿದ್ದುಪಡಿ ಹಲವು ತಪ್ಪುಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ನೀರು ರಾಜ್ಯದ ವಿಷಯ, ಹಾಗಾಗಿ ಒಪ್ಪಿ ನಿರ್ಣಯ ಮಾಡಿದ ರಾಜ್ಯಗಳಲ್ಲಿ ಮಾತ್ರ ಇದು ನಡೆಯುತ್ತದೆ. ಜೈಲಿನ ಕೇಸುಗಳು ಮುಗಿಯುವುದೇ ಇಲ್ಲ, ದಂಡವಾದರೂ ಬೇಗ ಬೀಳಲಿ ಅನ್ನುವವರಿದ್ದಾರೆ. ಕೋಟಿಗಟ್ಟಲೆ ರಫ್ತು ಮಾಡುವವರಿಗೆ 15 ಲಕ್ಷ ಯಾವ ಲೆಕ್ಕ ಅಂತ ನನ್ನ ಅನಿಸಿಕೆ.

ಐಸ್ ಡಬ್ಬಿ

ಇಷ್ಟೆಲ್ಲ ಕಾನೂನು ಇದ್ದ ಮೇಲೆ ಇನ್ನೇನು ಬೇಕು ಮೇಡಂ? ಲ್ಯಾಬ್ ವರದಿಯಲ್ಲಿ 30ರ ಒಳಗೆ ಬಂದರೆ ಮುಗಿಯಿತಲ್ಲ.

ಗದಗ ಮಾಸ್ತರ್

ಮುಗಿಯುವುದಿಲ್ಲ, ಅಲ್ಲೇ ಇರುವುದು ಆಟ. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳುವವನು ನಾನು, ಒಂದು ಲೆಕ್ಕ ಹಾಕುತ್ತೇನೆ.

ಒಂದು ಘಟಕ ದಿನಕ್ಕೆ 200 ಕಿಲೋಲೀಟರ್ ನೀರು ಬಿಡುತ್ತದೆ ಅನ್ನಿ. ಬಿಓಡಿ 30. ಹಾಗಾದರೆ ಕಡಲಿಗೆ ಹೋಗುವ ಹೊರೆ 6 ಕೆಜಿ. ಪಕ್ಕದ ಇನ್ನೊಂದು ಘಟಕ ಅಷ್ಟೇ ಮೀನು ತೊಳೆಯುತ್ತದೆ, ಆದರೆ ಇಟಿಪಿ ಅರೆಬರೆ ಓಡಿಸುತ್ತದೆ. ಅದರ ನೀರಿನಲ್ಲಿ ಬಿಓಡಿ 90. ಬೋರ್‌ವೆಲ್ಲಿನ 400 ಕಿಲೋಲೀಟರ್ ಒಳ್ಳೆಯ ನೀರು ಅದಕ್ಕೆ ಬೆರೆಸಿದರೆ ಒಟ್ಟು 600 ಕಿಲೋಲೀಟರ್, ಬಿಓಡಿ ಮತ್ತೆ 30! ಹೊರೆ 18 ಕೆಜಿ. ಎರಡೂ ವರದಿಯಲ್ಲಿ ಒಂದೇ ಅಂಕಿ. ಕಡಲಿಗೆ ಹೋದ ಕೊಳೆ ಮೂರು ಪಟ್ಟು, ಜೊತೆಗೆ ಅಂತರ್ಜಲವೂ ಖಾಲಿ.

ಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನುವ ಮಿತಿಯೊಂದೇ ಇದ್ದರೆ ನೀರು ಉಳಿಸುವವನಿಗೆ ಕಷ್ಟ, ಸುರಿಯುವವನಿಗೆ ಆರಾಮ. ಅದಕ್ಕೇ ನನ್ನ ಮಾತು ಇಷ್ಟೇ: ಒಂದು ಟನ್ ಮೀನಿಗೆ ಇಷ್ಟು ಕೆಜಿ ಕೊಳೆಗಿಂತ ಜಾಸ್ತಿ ಹೋಗಬಾರದು ಅಂತಲೂ ಬರೆಯಬೇಕು. ಇದೇನು ನನ್ನ ತಲೆಯಿಂದ ಬಂದದ್ದಲ್ಲ. ಅಮೆರಿಕದಲ್ಲಿ 1970ರ ದಶಕದಿಂದಲೇ ಸಮುದ್ರ ಆಹಾರ ಘಟಕಗಳಿಗೆ 1000 ಪೌಂಡ್ ಮೀನಿಗೆ ಇಷ್ಟು ಪೌಂಡ್ ಅಂತಲೇ ಮಿತಿ ಇದೆ.

ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ಅಲ್ಲ. ಅಲಾಸ್ಕಾದ ದೂರದ ಊರುಗಳಲ್ಲಿ ಮೀನಿನ ತ್ಯಾಜ್ಯವನ್ನು ಅರ್ಧ ಇಂಚಿಗಿಂತ ಸಣ್ಣಗೆ ಅರೆದು ಕಡಲಿಗೆ ಬಿಡಲು ಪರವಾನಗಿ ಕೊಡುತ್ತಾರೆ. ತಳದಲ್ಲಿ ಬಿದ್ದ ಗುಡ್ಡೆ 1 ಎಕರೆ ಮೀರಬಾರದು ಅನ್ನುವ ಷರತ್ತೂ ಇದೆ. ಅಲ್ಲಿಯ ಆಳ, ಸೆಳೆತ, ಜನಸಂಖ್ಯೆ ಬೇರೆ. ಅದನ್ನು ಅಘನಾಶಿನಿ ಅಳಿವೆಗೆ ತಂದು ಹಾಕುವಂತಿಲ್ಲ. ಅಂದ ಹಾಗೆ, 2024ರ ಜನವರಿ ಕೊನೆಗೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕರ್ನಾಟಕದ ಜಾಗಗಳಲ್ಲಿ ಅಘನಾಶಿನಿ ಅಳಿವೆಯ ಜೊತೆ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇದೆ. ಹಾಗಾಗಿ ಅಘನಾಶಿನಿ ಸುದ್ದಿ ಬಂದರೆ ನಾನು ಸ್ವಲ್ಪ ನಮ್ಮದು ಅಂತ ಓದುತ್ತೇನೆ.

ಹೈಕೋರ್ಟ್ ಪೀಠದ ಪಕ್ಕ

ಮಾಸ್ತರರೇ, ಪೂರ್ತಿ ಕೈಬಿಟ್ಟಿಲ್ಲ. ಕನ್ಸೆಂಟ್ ಪತ್ರದಲ್ಲಿ ದಿನಕ್ಕೆ ಎಷ್ಟು ಕಿಲೋಲೀಟರ್ ಬಿಡಬಹುದು ಅಂತ ಬರೆದಿರುತ್ತಾರೆ. ಅದನ್ನು 30ಕ್ಕೆ ಗುಣಿಸಿದರೆ ನಿಮ್ಮ ಹೊರೆ ಬಂತು.

ಗದಗ ಮಾಸ್ತರ್

ಬಂತು ಮೇಡಂ, ಮೀಟರ್ ನೋಡುವವರಿದ್ದರೆ. ಮತ್ತೆ ಆ ಕಿಲೋಲೀಟರನ್ನು ಅವತ್ತು ಬಂದ ಮೀನಿನ ತೂಕದ ಜೊತೆ ಇಟ್ಟು ನೋಡಬೇಕು. 5 ಟನ್ ಬಂದ ದಿನವೂ 200, 40 ಟನ್ ಬಂದ ದಿನವೂ 200 ಅಂತ ಪುಸ್ತಕದಲ್ಲಿ ಇದ್ದರೆ ಏನೋ ಬೇರೆ ದಾರಿ ಇದೆ ಅಂತ ಅರ್ಥ. ಮೀನಿನ ತೂಕ ಮುಚ್ಚಿಡುವುದು ಕಷ್ಟ, ರಫ್ತಿನ ಕಾಗದದಲ್ಲಿ ಕಿಲೋ ಕಿಲೋಗೆ ಲೆಕ್ಕ ಇರುತ್ತದೆ.

ತಾರಿಹಾಳ ಶಿಫ್ಟ್

ಮಾಸ್ತರ್ ಹೇಳಿದ್ದು ನೂರಕ್ಕೆ ನೂರು ನಿಜ. ಇನ್ನೊಂದು ಸೇರಿಸಿ. ಸ್ಯಾಂಪಲ್ ಯಾವ ದಿನ ತೆಗೆದರು ಅನ್ನುವುದು ಅಂಕಿಗಿಂತ ಮುಖ್ಯ. ಸಕ್ಕರೆ, ಡಿಸ್ಟಿಲರಿ, ಕಾಗದ ಮುಂತಾದ 17 ಬಗೆಯ ಕಾರ್ಖಾನೆಗಳಿಗೆ ಬಿಡುವ ನೀರನ್ನು ಸದಾ ಅಳೆಯುವ ಆನ್‌ಲೈನ್ ಮೀಟರ್ ಕಡ್ಡಾಯ. ಆ ಪಟ್ಟಿಯಲ್ಲಿ ಮೀನು ಇಲ್ಲ. ಹಾಗಾಗಿ ಯಾರೋ ಬಂದು ಬಾಟಲಿ ತುಂಬಿಕೊಂಡು ಹೋದ ದಿನವೇ ಪರೀಕ್ಷೆ. ಮೇ ತಿಂಗಳ ಕೊನೆಯಲ್ಲಿ ಮಾಲು ಕಡಿಮೆ ಇದ್ದಾಗ ತೆಗೆದರೆ ಯಾವ ಇಟಿಪಿಯೂ ಪಾಸಾಗುತ್ತದೆ. ಆಗಸ್ಟ್ ಎರಡನೇ ವಾರ ರಾತ್ರಿ 11 ಗಂಟೆಗೆ ಬನ್ನಿ ನೋಡೋಣ.

ರಾಣೆಬೆನ್ನೂರು ಕಡೆಯವ

ನಮಗೆ ಕಡಲಿಲ್ಲ, ತುಂಗಭದ್ರೆ ಇದೆ. 1980ರ ದಶಕದಲ್ಲಿ ಕಾರ್ಖಾನೆ ನೀರಿನ ವಿರುದ್ಧ ನಮ್ಮ ಹೊಳೆದಂಡೆಯ ಊರುಗಳು ಎದ್ದಾಗ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ ಜೊತೆಗೆ ನಿಂತಿತ್ತು. ನಮ್ಮ ಅಪ್ಪನ ಕಾಲದವರು ಈಗಲೂ ಅದನ್ನು ಹೇಳುತ್ತಾರೆ. ಹೊಳೆದಂಡೆಯವರು ದಿನಾ ನೀರು ನೋಡುತ್ತಾರೆ, ಬಣ್ಣ ಬದಲಾದರೆ ಅದೇ ಗಂಟೆಗೆ ಗೊತ್ತಾಗುತ್ತದೆ. ಕರಾವಳಿಯಲ್ಲೂ ಮೀನುಗಾರರ ಸೊಸೈಟಿಗಳಿಗೆ ಸ್ಯಾಂಪಲ್ ತೆಗೆಯುವಾಗ ಎದುರಿಗೆ ನಿಲ್ಲುವ ಹಕ್ಕು ಕೊಡಲಿ.

ಅಕ್ಕಾರ, ಬೇಡ್ತಿ ಹೆಸರು ತೆಗೆದಿರಿ. ಬೇಡ್ತಿ ನೀರನ್ನು ವರದಾ ಹೊಳೆಗೆ ತಿರುಗಿಸಿ ಹಾವೇರಿ ಕಡೆಗೆ ಕೊಡಿ ಅಂದರೆ ಬೇಡ ಅನ್ನುವವರೂ ನಿಮ್ಮ ಕಡೆಯವರೇ!

ಅಂಕೋಲೆ ಮಗಳು

ಹೊಳೆಯ ಸಿಹಿನೀರು ಕಡಿಮೆಯಾದರೆ ಅಳಿವೆಯಲ್ಲಿ ಕೊಳೆ ಇನ್ನಷ್ಟು ಗಟ್ಟಿಯಾಗುತ್ತದೆ ತಮ್ಮಾ, ಅದೂ ಇದೇ ಲೆಕ್ಕ. ಆ ಜಗಳ ಇನ್ನೊಂದು ದಿನ ಆಡೋಣ, ನಾನು ತಯಾರಿದ್ದೇನೆ.

ಮುಂಡರಗಿ ಬಸ್‌ಸ್ಟ್ಯಾಂಡ್

ನೀರಿನ ಬಗ್ಗೆ ಇಷ್ಟು ಬರೆದಿರಿ, ಆ ನೀರಿನಲ್ಲಿ ಇಳಿಯುವವರ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಕಡೆಯಿಂದ ಮಂಗಳೂರು, ಮಲ್ಪೆಗೆ ದುಡಿಯಲು ಹೋಗುವವರು ಬಹಳ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿಗೆ ಒಬ್ಬ ಇಳಿದ. ಅವನನ್ನು ಎತ್ತಲು ಹೋದವರೂ ಬಿದ್ದರು. ಪಶ್ಚಿಮ ಬಂಗಾಳದ 5 ಮಂದಿ ತೀರಿಕೊಂಡರು. ಎಲ್ಲ ಪೇಪರಿನಲ್ಲಿ ಬಂದಿತ್ತು.

ತಾರಿಹಾಳ ಶಿಫ್ಟ್

ಹೌದು ಅಣ್ಣಾ. ಮೀನಿನ ಕೆಸರು ಗಾಳಿ ಇಲ್ಲದೆ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಲು ವಾಸನೆ ಬರುತ್ತದೆ. ಜಾಸ್ತಿ ಆದರೆ ಮೂಗು ಸತ್ತು ವಾಸನೆಯೇ ತಿಳಿಯುವುದಿಲ್ಲ, ಈಗ ಪರವಾಗಿಲ್ಲ ಅಂದುಕೊಂಡು ಇಳಿಯುತ್ತಾರೆ. ಜಾಲರಿಯಲ್ಲೇ ಗಟ್ಟಿ ಕಸ ಹಿಡಿದರೆ ಟ್ಯಾಂಕಿನ ತಳಕ್ಕೆ ಅಷ್ಟು ಕೆಸರು ಬರುವುದೇ ಇಲ್ಲ. ಮಾಲೀಕರಿಗೂ ಅದರಲ್ಲಿ ದುಡ್ಡಿದೆ. ತಲೆ, ಕರುಳು ಹುಡಿ ಕಾರ್ಖಾನೆಗೆ ಹೋಗುತ್ತದೆ, ಸಿಗಡಿ ಸಿಪ್ಪೆಯಿಂದ ಕೈಟಿನ್ ತೆಗೆಯುತ್ತಾರೆ. ನೆಲಕ್ಕೆ ಬಿದ್ದದ್ದನ್ನು ಪೈಪ್ ಹಿಡಿದು ಚರಂಡಿಗೆ ತಳ್ಳುವ ಬದಲು ಮೊದಲು ರಬ್ಬರ್ ಪಟ್ಟಿಯಿಂದ ಗೋರಿ ಡಬ್ಬಿಗೆ ಹಾಕಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಐಸ್ ಡಬ್ಬಿ

ಸರಿ, ದೊಡ್ಡ ರಫ್ತುದಾರರು ಮಾಡಲಿ, ಅವರ ಹತ್ತಿರ ದುಡ್ಡಿದೆ. ನಾಲ್ಕು ಹೆಂಗಸರನ್ನು ಕೂರಿಸಿ ಸಿಗಡಿ ಸುಲಿಸುವ ಸಣ್ಣ ಶೆಡ್ಡಿನವನು ಏನು ಮಾಡಬೇಕು? ಅವನಿಗೂ ಇಟಿಪಿ ಅಂದರೆ ಬಾಗಿಲು ಹಾಕಿ ಹೋಗುತ್ತಾನೆ, ದೊಡ್ಡವರಿಗೆ ಇನ್ನೂ ಅನುಕೂಲ. ಇದಕ್ಕೆ ಉತ್ತರ ಹೇಳಿ ಸರ್.

ಗದಗ ಮಾಸ್ತರ್

ಈ ಪ್ರಶ್ನೆ ಸರಿಯಾಗಿದೆ. ಸಣ್ಣವರಿಗೆ ಬಂದರಿನ ಪಕ್ಕದಲ್ಲೇ ಒಂದು ಸಾಮೂಹಿಕ ಇಟಿಪಿ ಬೇಕು, ಎಷ್ಟು ಕಿಲೋ ಸುಲಿದರೋ ಅಷ್ಟಕ್ಕೆ ಶುಲ್ಕ. ಇಲ್ಲೂ ಟನ್ನಿನ ಲೆಕ್ಕವೇ ನ್ಯಾಯ.

ಉಣಕಲ್ ದಂಡೆ

ಐಸ್ ಡಬ್ಬಿ ಅಣ್ಣಾ, ನಿಮಗೂ ಒಂದು ಪ್ರಶ್ನೆ. ಘಟ್ಟದ ತಿರುವಿನಲ್ಲಿ ಮೀನಿನ ಟೆಂಪೋ ಹಿಂದೆ ಬೈಕಿನಲ್ಲಿ ಬಂದವರಿಗೆ ಗೊತ್ತು, ಹಿಂದಿನ ಬಾಗಿಲ ಕೆಳಗಿಂದ ಕರಗಿದ ಐಸಿನ ಕೆಂಪು ನೀರು ಸುರಿಯುತ್ತಲೇ ಇರುತ್ತದೆ. ಮುಖಕ್ಕೆ ಹಾರುತ್ತದೆ, ರಸ್ತೆ ಜಾರುತ್ತದೆ. ಕೆಳಗೊಂದು ತೊಟ್ಟಿ ಕಟ್ಟಿ ಹಿಡಿಯಲು ಆಗುವುದಿಲ್ಲವಾ?

ಐಸ್ ಡಬ್ಬಿ

ಆಗುತ್ತದೆ. ನಮ್ಮ ಗಾಡಿಗೆ ಹಾಕಿಸಿದ್ದೇನೆ. ಆದರೆ ಹುಬ್ಬಳ್ಳಿಗೆ ಬಂದು ಅದನ್ನು ಖಾಲಿ ಮಾಡುವುದು ಎಲ್ಲಿ? ಕೊನೆಗೆ ಗಟಾರವೇ ಗತಿ, ಆಮೇಲೆ ಅಕ್ಕನವರ ಬೇಡ್ತಿ. ಪೇಟೆಯಲ್ಲಿ ಒಂದು ಗುಂಡಿ ಮಾಡಿಕೊಡಿ ಅಂತ ಎಲ್ಲರೂ ಸೇರಿ ಅರ್ಜಿ ಬರೆಯುತ್ತೀರಿ ಅಂದರೆ ನಾನೇ ಮೊದಲ ಸಹಿ ಹಾಕುತ್ತೇನೆ.

ಹೈಕೋರ್ಟ್ ಪೀಠದ ಪಕ್ಕ

ಆ ಅರ್ಜಿ ನಾನು ಬರೆಯುತ್ತೇನೆ. ಕರಾವಳಿ ವಿಷಯಕ್ಕೆ ಮಾಹಿತಿ ಹಕ್ಕಿನಲ್ಲಿ ಕೇಳೋಣ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಊರಿನ ಚರಿತ್ರೆಯೆಲ್ಲ ಬರೆಯಬೇಡಿ. ಅಂಕೋಲೆ ಅಕ್ಕ ಘಟಕ ಇರುವ ಊರು, ತಾಲ್ಲೂಕು ಹೇಳಿದರೆ ಸಾಕು. ಕೇಳಬೇಕಾದ್ದು ಕನ್ಸೆಂಟ್ ಪತ್ರದ ಪ್ರತಿ, ಕಳೆದ ಮೂರು ವರ್ಷ ಮಂಡಳಿ ತೆಗೆದ ಸ್ಯಾಂಪಲ್‌ಗಳ ದಿನಾಂಕ ಮತ್ತು ಫಲಿತಾಂಶ. ಮಂಡಳಿಯ ಫೈಲಿನಲ್ಲಿ ಇದ್ದದ್ದನ್ನು ಮಾತ್ರ ಕೊಡುತ್ತಾರೆ, ಹೊಸದಾಗಿ ಲೆಕ್ಕ ಹಾಕಿಕೊಡಿ ಅಂದರೆ ಕೊಡುವುದಿಲ್ಲ.

ಅಂಕೋಲೆ ಮಗಳು

ಊರಿನ ವಿವರ ರಾತ್ರಿ ಮೆಸೇಜ್ ಮಾಡುತ್ತೇನೆ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅಲ್ಲಿ ಓದಿದ ಗೆಳತಿ ಒಬ್ಬಳಿದ್ದಾಳೆ. ಅಂಕಿ ಬಂದ ಮೇಲೆ ಓದಿ ಹೇಳುತ್ತಾಳೆ.

ತಾರಿಹಾಳ ಶಿಫ್ಟ್

ಮೇಡಂ, ಜಾಗ ಉಳಿದರೆ ಇನ್ನೊಂದು ಸಾಲು ಹಾಕಿ. ಇಟಿಪಿಗೆ ಬೇರೆ ಕರೆಂಟ್ ಮೀಟರ್ ಇದ್ದರೆ, ತಪಾಸಣೆಗೆ ಬಂದ ಅಧಿಕಾರಿ ಅದರ ರೀಡಿಂಗ್ ಬರೆದುಕೊಂಡಿರುತ್ತಾರೆ. ಅದರ ಪ್ರತಿಯೂ ಬೇಕು. ಲಾಗ್‌ಬುಕ್ಕನ್ನು ಒಂದೇ ಪೆನ್ನಿನಲ್ಲಿ ಕೂತು ತಿಂಗಳಿಡೀ ತುಂಬಬಹುದು. ಬ್ಲೋವರ್ ಓಡದೆ ಯೂನಿಟ್ ಮಾತ್ರ ಏರುವುದಿಲ್ಲ.